ಹಾಲು ಬಾಗಿಲಿಗೆ ಬಂದ ಮೇಲೆ

ಧಾರವಾಡದಿಂದ ಹುಬ್ಬಳ್ಳಿಯ ಹಾದಿ ಹಿಡಿದವರಿಗೆ ಸತ್ತೂರಿಗೆ ಮೊದಲು ಲಕಮನಹಳ್ಳಿ ಎದುರಾಗುತ್ತದೆ. ಒಂದು ಕಾಲಕ್ಕೆ ಹೊಲಗದ್ದೆಗಳ ನಡುವೆ ತನ್ನಷ್ಟಕ್ಕೆ ತಾನಿದ್ದ ಈ ಹಳ್ಳಿ ಈಗ ಅವಳಿನಗರದ ಒಂದು ಭಾಗವಾಗಿದೆ. ಪಕ್ಕದ ಪಿ.ಬಿ. ರಸ್ತೆಯಲ್ಲಿ ಚಿಗರಿ ಬಸ್ಸುಗಳು ಸಾಲುಸಾಲಾಗಿ ಓಡುತ್ತವೆ. ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆಗಳು ಎದ್ದಿವೆ. ಧಾರವಾಡ ಹಾಲು ಒಕ್ಕೂಟದ ಡೇರಿಯೂ ಇಲ್ಲಿಯೇ ಇದೆ. ಊರು ಕಣ್ಣು ತೆರೆಯುವ ಮೊದಲೇ ಎಷ್ಟೋ ಮನೆಗಳ ಬಾಗಿಲಿಗೆ ಬಂದು ಬೀಳುವ ನಂದಿನಿ ಹಾಲಿನ ಪೊಟ್ಟಣಗಳು ಈ ಡೇರಿಯಿಂದ ಹೊರಟಂಥವು.

ಆ ಪೊಟ್ಟಣದ ಹಿಂದಿರುವ ಕಾವಲನ್ನು ಸ್ವಲ್ಪ ನೆನೆಯುವುದು ಒಳಿತು. ಹಳ್ಳಿಯ ಸಂಘದಲ್ಲಿ ಹಾಲನ್ನು ಅಳೆದು, ಅದರ ಜಿಡ್ಡಿನಂಶವನ್ನು ಪರೀಕ್ಷಿಸುತ್ತಾರೆ. ಬೇಗನೆ ತಣ್ಣಗಾಗಿಸಿ ಟ್ಯಾಂಕರಿನಲ್ಲಿ ಡೇರಿಗೆ ಸಾಗಿಸುತ್ತಾರೆ. ಅಲ್ಲಿ ಮತ್ತೊಮ್ಮೆ ಪರೀಕ್ಷೆ ನಡೆಯುತ್ತದೆ. ಅನಂತರ ಹಾಲನ್ನು 72 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 15 ಸೆಕೆಂಡುಗಳ ಕಾಲ ಹಿಡಿದಿಟ್ಟು, ಕೂಡಲೇ 4–5 ಡಿಗ್ರಿಗೆ ಇಳಿಸುತ್ತಾರೆ. ಪಾಶ್ಚರೀಕರಣವೆಂದು ಕರೆಯುವುದು ಇದನ್ನೇ. ಕ್ಷಯ, ಬ್ರೂಸೆಲ್ಲೋಸಿಸ್ ಮುಂತಾದ ರೋಗಗಳನ್ನು ಹಸಿಹಾಲಿನ ಮೂಲಕ ಹರಡುವ ಜೀವಾಣುಗಳು ಇದರಿಂದ ನಾಶವಾಗುತ್ತವೆ. ಆದರೆ ಎಲ್ಲ ಜೀವಾಣುಗಳೂ ಸಾಯುವುದಿಲ್ಲ. ಉಳಿದವು ತಂಪಿನಲ್ಲಿ ಮಂಕಾಗಿದ್ದು, ಬೆಚ್ಚಗಾದೊಡನೆ ಬೆಳೆಯತೊಡಗುತ್ತವೆ.

ಡೇರಿಯ ಈ ಕಾವಲು ಮನೆಯ ಬಾಗಿಲಿನವರೆಗೆ ಮಾತ್ರ. ಬಾಗಿಲಿನಿಂದ ಒಲೆಗೆ, ಒಲೆಯಿಂದ ಕೂಸಿನ ಬಟ್ಟಲಿಗೆ ಇರುವ ಹತ್ತಾರು ಹೆಜ್ಜೆಗಳಲ್ಲಿ ಹಾಲಿಗೆ ಮನೆಯವರೇ ಕಾವಲು. ಎಳೆಯ ಮಕ್ಕಳ ಹಾಲಿಗೆ ಸಂಬಂಧಿಸಿದ ತಪ್ಪುಗಳಲ್ಲಿ ಬಹುಪಾಲು ನಡೆಯುವುದು ಈ ಹತ್ತು ಹೆಜ್ಜೆಗಳಲ್ಲಿಯೇ. ಆ ತಪ್ಪುಗಳ ಹಿಂದೆ ಇರುವುದು ಅಕ್ಕರೆ. ಆದುದರಿಂದಲೇ ಅವು ಬೇಗ ಕಣ್ಣಿಗೆ ಬೀಳುವುದಿಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ

ಹೀಗೊಂದು ಮನೆಯನ್ನು ಊಹಿಸಿಕೊಳ್ಳಬಹುದು. ಮನೆಯಲ್ಲಿ ಒಂದೂವರೆ ವರ್ಷದ ಗಂಡುಕೂಸು. ಮೈ ತುಂಬಿಕೊಂಡು ದುಂಡಗಿದೆ. ತುತ್ತು ಬಾಯಿಗೆ ತಂದರೆ ಮುಖ ತಿರುವುತ್ತದೆ. ಹಾಲಿನ ಬಾಟಲಿ ಕಂಡರೆ ಕೈ ಚಾಚುತ್ತದೆ. ಹಗಲು ನಾಲ್ಕು ಬಾಟಲಿ, ರಾತ್ರಿ ಒಂದು.

"ಕೂಸು ಊಟಾ ಮಾಡಲಿಲ್ಲಂದ್ರ ಏನಾತು? ಹಾಲರ ಕುಡದೈತಲ್ಲ, ಬಿಡವಾ" ಎಂದು ಅತ್ತೆ ಸಮಾಧಾನ ಹೇಳುತ್ತಾರೆ.

"ಹೌದ್ರೀ ಅತ್ತಿ, ಆದ್ರ ಹುಡುಗನ ಮಾರಿ ಬಿಳಚಿಗೊಂಡೈತಿ. ಆಟಾನೂ ಕಡಿಮಿ ಆಗೇತಿ. ಒಮ್ಮೆ ಡಾಕ್ಟರ್‌ಗೆ ತೋರಿಸೋಣ್ರಿ" ಎನ್ನುತ್ತಾಳೆ ಸೊಸೆ.

ಈ ಮಾತುಕತೆ ಧಾರವಾಡದ ಯಾವ ಓಣಿಯಲ್ಲಾದರೂ ಕೇಳಿಬರತಕ್ಕದ್ದೇ. ಅತ್ತೆಯ ಮಾತು ಪ್ರೀತಿಯದು. ಆದರೆ ಸೊಸೆಯ ಕಣ್ಣು ಕಂಡದ್ದು ನಿಜ. ಹಾಲಿನಲ್ಲಿ ಸುಣ್ಣದ ಅಂಶ ಹೇರಳವಾಗಿದೆ, ಒಳ್ಳೆಯ ಪ್ರೋಟೀನಿದೆ, ಕೊಬ್ಬಿದೆ. ಕಬ್ಬಿಣದ ಅಂಶ ಮಾತ್ರ ಇಲ್ಲವೆಂಬಷ್ಟು ಕಡಿಮೆ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 8 ಮಿಲಿಗ್ರಾಂ ಕಬ್ಬಿಣ ದೊರೆಯಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಗೊತ್ತುಮಾಡಿದೆ. ಅರ್ಧ ಲೀಟರು ಹಸುವಿನ ಹಾಲಿನಲ್ಲಿ ಅರ್ಧ ಮಿಲಿಗ್ರಾಂ ಕೂಡ ಇರುವುದಿಲ್ಲ. ಹೊಟ್ಟೆಯನ್ನು ಹಾಲೇ ತುಂಬಿದರೆ ಬೇಳೆ, ಸೊಪ್ಪು, ರೊಟ್ಟಿಗಳಿಗೆ ಅಲ್ಲಿ ಜಾಗ ಉಳಿಯುವುದಿಲ್ಲ. ಮೈ ದುಂಡಗೆ ಕಂಡರೂ ರಕ್ತ ತೆಳುವಾಗುತ್ತ ಹೋಗುತ್ತದೆ.

ಇದು ಎಲ್ಲಿಯೋ ಒಂದು ಮನೆಯ ಸಂಗತಿಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5 ಮಂದಿ ರಕ್ತಹೀನತೆಯುಳ್ಳವರು. ಇದಕ್ಕೆ ಕಾರಣಗಳು ಹಲವು. ಅತಿಹಾಲು ಅವುಗಳಲ್ಲಿ ಒಂದು ಮಾತ್ರ. ಆದರೆ ಹಾಲನ್ನು ಹಣ ಕೊಟ್ಟು ತರಬಲ್ಲ ಮಧ್ಯಮ ವರ್ಗದ ಮನೆಗಳಲ್ಲಿ ಈ ಒಂದು ಕಾರಣವನ್ನು ಸುಲಭವಾಗಿ ನಿವಾರಿಸಬಹುದು. ರಕ್ತಹೀನತೆ ಕೇವಲ ಮೈಬಣ್ಣದ ಪ್ರಶ್ನೆಯಲ್ಲ. ಮೆದುಳು ವೇಗವಾಗಿ ಬೆಳೆಯುವ ಈ ವಯಸ್ಸಿನಲ್ಲಿ ಕಬ್ಬಿಣದ ಕೊರತೆ ಬಿದ್ದರೆ ಕಲಿಯುವ ಶಕ್ತಿಗೂ ಕುಂದು ತಟ್ಟಬಹುದು.

ಯಾವ ವಯಸ್ಸಿಗೆ ಯಾವ ಹಾಲು?

ಆರು ತಿಂಗಳು ತುಂಬುವವರೆಗೆ ಕೂಸಿಗೆ ತಾಯಿಯ ಹಾಲು ಮಾತ್ರವೇ ಸಾಕು. ನೀರು ಕೂಡ ಬೇಕಿಲ್ಲ. ಆರು ತಿಂಗಳ ಮೇಲೆ ಮೆತ್ತಗಿನ ಊಟವೂ ಜೊತೆಗೆ ತಾಯಿಯ ಹಾಲೂ ನಡೆಯಬೇಕು. ತಾಯಿಯ ಹಾಲು ಸಾಲದೆ ಬಂದ ಕೂಸಿಗೆ ಒಂದು ವರ್ಷದೊಳಗೆ ಬೇರೆ ಏನನ್ನು ಕೊಡಬೇಕೆಂಬುದನ್ನು ವೈದ್ಯರೇ ಗೊತ್ತುಮಾಡತಕ್ಕದ್ದು; ನೆರೆಮನೆಯವರ ಸಲಹೆ ಇಲ್ಲಿ ಸಲ್ಲದು.

ಒಂದು ವರ್ಷ ತುಂಬಿದ ಮೇಲೆ ಮನೆಮಂದಿ ಕುಡಿಯುವ ಹಸುವಿನ ಅಥವಾ ಎಮ್ಮೆಯ ಹಾಲನ್ನೇ ಕೊಡಬಹುದು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ತಾಯಿಯ ಹಾಲನ್ನು ಎರಡು ವರ್ಷದವರೆಗೆ, ಅದಕ್ಕೂ ಮುಂದೆ, ಮುಂದುವರಿಸಬಹುದು. ಹನ್ನೆರಡರಿಂದ ಇಪ್ಪತ್ಮೂರು ತಿಂಗಳ ಮಗುವಿಗೆ ಬೇರೆ ಹಾಲು ಬೇಕಾದರೆ ಪ್ರಾಣಿಜನ್ಯ ಹಾಲು ಸಾಕು. 'ಬೆಳೆಯುವ ಮಕ್ಕಳಿಗಾಗಿ' ಎಂದು ಬರೆದ ದುಬಾರಿ ಪುಡಿಹಾಲಿನ ಅಗತ್ಯವಿಲ್ಲ. ಎಷ್ಟೋ ಮನೆಗಳ ತಿಂಗಳ ಲೆಕ್ಕದಲ್ಲಿ ದೊಡ್ಡ ತೂತು ಕೊರೆಯುವ ಡಬ್ಬಿ ಇದೇ ಆದುದರಿಂದ ಈ ಮಾತನ್ನು ಮರೆಯಬಾರದು.

ಪೊಟ್ಟಣಗಳಲ್ಲಿಯೂ ಬಗೆಗಳಿವೆ. ಕಾನೂನಿನ ಪ್ರಕಾರ ಟೋನ್ಡ್ ಹಾಲಿನಲ್ಲಿ ನೂರಕ್ಕೆ 3 ಪಾಲು ಜಿಡ್ಡು, ಡಬಲ್ ಟೋನ್ಡ್ ಹಾಲಿನಲ್ಲಿ 1.5 ಪಾಲು, ಸ್ಟ್ಯಾಂಡರ್ಡ್ ಹಾಲಿನಲ್ಲಿ 4.5 ಪಾಲು, ಪೂರ್ಣಕೆನೆಯ ಹಾಲಿನಲ್ಲಿ 6 ಪಾಲು ಇರಬೇಕು. ಪೊಟ್ಟಣದ ಬಣ್ಣಕ್ಕಿಂತ ಅದರ ಮೇಲಿನ ಈ ಅಂಕಿಯನ್ನು ನೋಡಿ ಕೊಳ್ಳುವುದು ಲೇಸು. ಎರಡು ವರ್ಷದೊಳಗಿನ ಮಗುವಿಗೆ ಜಿಡ್ಡು ಬೇಕು. ಡಬಲ್ ಟೋನ್ಡ್ ಹಾಲಾಗಲಿ ಕೆನೆ ತೆಗೆದ ಹಾಲಾಗಲಿ ತೂಕ ಇಳಿಸಬೇಕಾದ ಹಿರಿಯರಿಗೆ ಸರಿ, ತೂಕ ಏರಬೇಕಾದ ಕಂದನಿಗೆ ಸಲ್ಲದು. ಮೂರೂವರೆ ಅಥವಾ ನಾಲ್ಕೂವರೆ ಪಾಲು ಜಿಡ್ಡಿನ ಹಾಲು ಈ ವಯಸ್ಸಿಗೆ ಒಪ್ಪುತ್ತದೆ.

ಧಾರವಾಡದ ಮಾತು ಬಂದಾಗ ಎಮ್ಮೆಯನ್ನು ಬಿಡುವಂತಿಲ್ಲ. ಇಲ್ಲಿನ ಪೇಡೆಗೆ ರುಚಿ ಕೊಟ್ಟದ್ದು ಧಾರವಾಡಿ ಎಮ್ಮೆಯ ಗಟ್ಟಿ ಹಾಲು. ಇಂದಿಗೂ ಅನೇಕ ಮನೆಗಳಿಗೆ ಗೌಳಿಗರು ಎಮ್ಮೆಯ ಹಾಲನ್ನು ಅಳೆದು ಹಾಕುತ್ತಾರೆ. 'ಎಮ್ಮೆ ಹಾಲು ಕುಡಿದರೆ ಬುದ್ಧಿ ಮಂದ' ಎಂಬ ಮಾತಿಗೆ ಆಧಾರವಿಲ್ಲ. ಹಿಂದೆ ಎಮ್ಮೆಯ ಹಾಲಿನಿಂದ ಪುಡಿ ತಯಾರಿಸಲು ಸಾಧ್ಯವೇ ಇಲ್ಲವೆಂದು ಪಾಶ್ಚಾತ್ಯ ತಜ್ಞರು ನಂಬಿದ್ದರು. ಆನಂದದ ಹಾಲು ಸಂಘದಲ್ಲಿದ್ದ ಎಚ್.ಎಂ. ದಲಾಯ ಅದನ್ನು ಸಾಧಿಸಿ ತೋರಿಸಿದರು; 1955ರ ಅಕ್ಟೋಬರ್ 31ರಂದು ಅಲ್ಲಿನ ಕಾರ್ಖಾನೆಯನ್ನು ಜವಾಹರಲಾಲ್ ನೆಹರು ಉದ್ಘಾಟಿಸಿದರು. ಮುಂದೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಎಮ್ಮೆಯ ಹಾಲಿನಿಂದಲೇ ಶಿಶು ಆಹಾರ ತಯಾರಿಸುವ ವಿಧಾನವನ್ನು ಕಂಡುಹಿಡಿದರು. ಎಮ್ಮೆಯ ಹಾಲು ಕೀಳಲ್ಲ; ಜಿಡ್ಡು ಹೆಚ್ಚು, ಅಷ್ಟೆ. ಒಂದು ವರ್ಷ ದಾಟಿದ ಮಗುವಿಗೆ ಅದು ಭಾರವೆನಿಸಿದರೆ ಕಾಸಿ ಆರಿಸಿ, ಮೇಲಿನ ಕೆನೆಯನ್ನು ತೆಗೆದು ಕೊಡಬಹುದು. ನೀರು ಬೆರೆಸುವುದು ಬೇಡ. ನೀರು ಬೆರೆತ ಹಾಲಿನಿಂದ ಹೊಟ್ಟೆ ತುಂಬುತ್ತದೆ, ಪುಷ್ಟಿ ದೊರೆಯುವುದಿಲ್ಲ.

ಎಷ್ಟು ಕೊಡಬೇಕು?

ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 500 ಮಿಲಿಗ್ರಾಂ ಸುಣ್ಣದ ಅಂಶ ಬೇಕು. ನೂರು ಮಿಲಿಲೀಟರು ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಇರುತ್ತದೆ. ಎಂದರೆ 400 ಮಿಲಿಲೀಟರು ಹಾಲು ಕುಡಿದ ಮಗುವಿಗೆ ಬೇಕಾದ ಸುಣ್ಣ ಹೆಚ್ಚುಕಡಿಮೆ ಅದರಿಂದಲೇ ದೊರೆಯಿತು. ಮೊಸರು ಉಂಡರೆ ಅದೂ ಈ ಲೆಕ್ಕಕ್ಕೆ ಸೇರಿತು. ಅದಕ್ಕಿಂತ ಹೆಚ್ಚಿನ ಹಾಲಿನಿಂದ ಎಲುಬು ಇನ್ನಷ್ಟು ಗಟ್ಟಿಯಾಗುವುದಿಲ್ಲ, ಹಸಿವು ಮಾತ್ರ ಸಾಯುತ್ತದೆ. ದಿನದಲ್ಲಿ ಎರಡು ಬಟ್ಟಲು, ಮೊಸರೂ ಸೇರಿ ಎಲ್ಲ ಕೂಡಿದರೂ ಅರ್ಧ ಲೀಟರನ್ನು ಮೀರಬಾರದು ಎಂಬ ಗಡಿಯನ್ನು ಮನೆಯಲ್ಲಿ ಹಾಕಿಕೊಳ್ಳುವುದು ಕ್ಷೇಮ. ತಾಯಿಯ ಹಾಲು ಕುಡಿಯುತ್ತಿರುವ ಮಗುವಿಗೆ ಇನ್ನೂ ಕಡಿಮೆ ಸಾಕು.

ಹೊತ್ತು ಕೂಡ ಮುಖ್ಯವಾದುದೇ. ಊಟಕ್ಕೆ ಮುನ್ನ ಹಾಲು ಕೊಟ್ಟರೆ ಊಟ ಕೆಡುತ್ತದೆ. ಮೊದಲು ಊಟ, ಬಳಿಕ ಹಾಲು. ಜೋಳದ ರೊಟ್ಟಿಯನ್ನು ಬೇಳೆಯ ಸಾರಿನಲ್ಲಿ ನೆನೆಸಿ ಮೆತ್ತಗೆ ಕಿವುಚಿ ಕೊಡುವುದು, ಹೆಸರುಬೇಳೆಯಲ್ಲಿ ಮೆಂತೆಯ ಸೊಪ್ಪು ಬೇಯಿಸುವುದು, ಮೇಲೆ ನಿಂಬೆಯ ಹನಿ ಹಿಂಡುವುದು ಇವೆಲ್ಲ ಉತ್ತರ ಕರ್ನಾಟಕದ ಅಡುಗೆಮನೆಗೆ ಹೊಸತಲ್ಲ. ನಿಂಬೆಯ ಹುಳಿಯಿಂದ ಕಾಳು ಸೊಪ್ಪುಗಳ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ತತ್ತಿ, ಮಾಂಸ ತಿನ್ನುವ ಮನೆಗಳಲ್ಲಿ ಅವುಗಳನ್ನೂ ಮೆತ್ತಗೆ ಮಾಡಿ ಕೊಡಬಹುದು. ಚಹಾ, ಕಾಫಿಗಳನ್ನು 'ಒಂದೇ ಗುಟುಕು' ಎಂದು ಕೂಡ ಕೊಡಬಾರದು. ಅವು ಆಹಾರದ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಮಗು ಬಿಳಚಿಕೊಂಡಿದ್ದರೆ ವೈದ್ಯರ ಬಳಿ ರಕ್ತಪರೀಕ್ಷೆ ಮಾಡಿಸಬೇಕು. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ವಾರಕ್ಕೆ ಎರಡು ಸಲ ಒಂದೊಂದು ಮಿಲಿಲೀಟರು ಕಬ್ಬಿಣದ ಸಿರಪ್ಪನ್ನು ಕೊಡಿಸುವ ಸರಕಾರಿ ಯೋಜನೆಯೂ ಇದೆ. ಈ ಬಗ್ಗೆ ಆಶಾ ಕಾರ್ಯಕರ್ತೆಯರನ್ನು ವಿಚಾರಿಸಬಹುದು.

ಡಬ್ಬಿಯ ಮೇಲಿನ ಬರೆಹ

ಹಾಲಿಗೆ ಬೆರೆಸುವ ಪುಡಿಗಳ ಕಥೆ ಹಳೆಯದು. 1873ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದ ಹಾರ್ಲಿಕ್ ಸಹೋದರರು ಮಾಲ್ಟಿನ ಪೇಯದ ವ್ಯಾಪಾರವನ್ನು ಆರಂಭಿಸಿದರು. ಅಂಥ ಪೇಯಗಳು ಭಾರತಕ್ಕೂ ಬಂದು, ಮಧ್ಯಮ ವರ್ಗದ ಅಡುಗೆಮನೆಯ ಗೂಡಿನಲ್ಲಿ ಕಾಯಿಲೆಯವರ ಪಥ್ಯವಾಗಿಯೂ ಓದುವ ಮಕ್ಕಳ ಪುಷ್ಟಿಯಾಗಿಯೂ ನೆಲೆನಿಂತವು. ಗಾಜಿನ ಸೀಸೆ ಖಾಲಿಯಾದ ಮೇಲೆ ಅದರಲ್ಲಿ ಸಾಸಿವೆ ಜೀರಿಗೆ ತುಂಬಿಡದ ಮನೆ ಯಾವುದು?

ಆದರೆ ಅಕ್ಕರೆಯ ಹಳೆಯ ನಂಟು ಬೇರೆ, ಕೂಸಿನ ಅಗತ್ಯ ಬೇರೆ. 2024ರ ಏಪ್ರಿಲ್ ತಿಂಗಳಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಜಾಲತಾಣದ ಅಂಗಡಿಗಳಿಗೆ ಒಂದು ಸೂಚನೆ ಕೊಟ್ಟಿತು. ಹಾಲು, ಧಾನ್ಯ, ಮಾಲ್ಟುಗಳಿಂದಾದ ಪೇಯಗಳನ್ನು 'ಆರೋಗ್ಯ ಪೇಯ' ಎಂಬ ತಲೆಬರೆಹದಡಿ ಮಾರಕೂಡದು ಎಂಬುದು ಅದರ ಸಾರ. 'ಆರೋಗ್ಯ ಪೇಯ'ವೆಂಬುದಕ್ಕೆ ಆಹಾರ ಕಾನೂನಿನಲ್ಲಿ ಅರ್ಥವನ್ನೇ ಹೇಳಿಲ್ಲ. ಹೆಸರು ಹೇಗೇ ಇರಲಿ, ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳು ನಿಜವನ್ನು ಹೇಳುತ್ತವೆ.

ಅಲ್ಲಿ ಗಮನಿಸತಕ್ಕ ಸಂಗತಿಗಳು ಮೂರು. ಮೊದಲನೆಯದು, ಯಾವ ವಯಸ್ಸಿನವರಿಗೆ ಎಂಬುದು. ದೊಡ್ಡ ಮಕ್ಕಳ ಡಬ್ಬಿಯಿಂದ ಒಂದು ಚಮಚೆ ತೆಗೆದು ಚಿಕ್ಕದಕ್ಕೆ ಹಾಕುವುದು ಸರಿಯಲ್ಲ. ಎರಡನೆಯದು, ಪದಾರ್ಥಗಳ ಪಟ್ಟಿ. ಹೆಚ್ಚು ತೂಕದ ಪದಾರ್ಥವನ್ನು ಮೊದಲು ಬರೆಯಬೇಕೆಂಬುದು ನಿಯಮ. ಸಕ್ಕರೆ, ದ್ರವ ಗ್ಲೂಕೋಸು, ಮಾಲ್ಟೊಡೆಕ್ಸ್‌ಟ್ರಿನ್ ಮುಂತಾದವು ಪಟ್ಟಿಯ ಮುಂದಿನ ಸಾಲಿನಲ್ಲಿದ್ದರೆ ಆ ಡಬ್ಬಿಯಲ್ಲಿ ಹೆಚ್ಚು ಇರುವುದು ಅವೇ. ಮೂರನೆಯದು, 'ಸೇರಿಸಿದ ಸಕ್ಕರೆ' ಎಷ್ಟು ಗ್ರಾಂ ಎಂಬ ಅಂಕಿ. ನೂರು ಗ್ರಾಂ ಪುಡಿಯಲ್ಲಿ 30 ಗ್ರಾಂ ಸಕ್ಕರೆಯಿದ್ದರೆ, 20 ಗ್ರಾಂ ಪುಡಿ ಹಾಕಿದ ಒಂದು ಬಟ್ಟಲಿನಲ್ಲಿ 6 ಗ್ರಾಂ ಸಕ್ಕರೆ ಆಯಿತು. ಮೇಲೆ ಮನೆಯ ಸಕ್ಕರೆ ಬೇರೆ.

ಈ ಲೆಕ್ಕ ಏಕೆ ಮುಖ್ಯವೆಂದರೆ ಎಳೆಮಗುವಿನ ಆಹಾರದ ಪಾಲೇ ಚಿಕ್ಕದು. ದಿನಕ್ಕೆ ಸುಮಾರು 1000 ಕ್ಯಾಲೊರಿ ಸಾಕಾಗುವ ಮಗುವಿಗೆ ದಿನದಲ್ಲಿ 30 ಗ್ರಾಂ ಸಕ್ಕರೆ ಹೊಟ್ಟೆಗೆ ಹೋದರೆ 120 ಕ್ಯಾಲೊರಿ, ಎಂದರೆ ನೂರಕ್ಕೆ ಹನ್ನೆರಡು ಪಾಲು, ಸಕ್ಕರೆಯಿಂದಲೇ ಬಂದಂತಾಯಿತು. ಹತ್ತು ಪಾಲಿನೊಳಗೆ, ಆದರೆ ಐದರೊಳಗೆ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆ. ಎರಡು ವರ್ಷದೊಳಗಿನ ಮಗುವಿಗೆ ಸಿಹಿಪೇಯವೇ ಬೇಡ ಎಂದು ಅದರ 2023ರ ಮಾರ್ಗಸೂಚಿ ಹೇಳುತ್ತದೆ. ಬೆಲ್ಲ, ಜೇನು, ಕಲ್ಲುಸಕ್ಕರೆಗಳೂ ಸಕ್ಕರೆಯ ಬಳಗವೇ. ಅದರಲ್ಲಿಯೂ ಒಂದು ವರ್ಷದೊಳಗಿನ ಕೂಸಿಗೆ ಜೇನನ್ನು ನೆಕ್ಕಿಸಲೇಬಾರದು. ಅದರಿಂದ ಬೊಟುಲಿಸಂ ಎಂಬ ಅಪಾಯಕರ ರೋಗ ತಗಲಬಹುದು. ಬರಿಯ ಹಾಲಿಗೆ ತನ್ನದೇ ಆದ ನವುರಾದ ಸಿಹಿಯಿದೆ. ಮೊದಲಿನಿಂದ ಸಕ್ಕರೆ ಕಾಣದ ನಾಲಗೆ ಅದನ್ನೇ ಮೆಚ್ಚುತ್ತದೆ.

ಎರಡು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಕಾನೂನು ಕೂಡ ತಾಯಂದಿರ ಪಕ್ಷದಲ್ಲಿದೆ. ಶಿಶು ಆಹಾರಗಳ ಆಕರ್ಷಕ ಜಾಹೀರಾತುಗಳನ್ನು ನಂಬಿ, ಬಡ ದೇಶಗಳಲ್ಲಿ ಅಶುದ್ಧ ನೀರಿನಲ್ಲಿ ಪುಡಿಹಾಲನ್ನು ತೆಳ್ಳಗೆ ಕಲಸಿ ಕುಡಿಸಿದ ಕೂಸುಗಳು ಭೇದಿಯಿಂದ ಬಳಲಿದ ಸಂಗತಿ 1970ರ ದಶಕದಲ್ಲಿ ಜಗತ್ತಿನ ಮನಸ್ಸನ್ನು ಕಲಕಿತು. 1981ರಲ್ಲಿ ಅಂತರರಾಷ್ಟ್ರೀಯ ನೀತಿಸಂಹಿತೆ ಬಂದಿತು. ಭಾರತ 1992ರಲ್ಲಿ ಕಾಯಿದೆ ಮಾಡಿ, 2003ರಲ್ಲಿ ಅದನ್ನು ಬಿಗಿಗೊಳಿಸಿತು. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಬದಲಿಗಳು, ಶಿಶು ಆಹಾರಗಳು ಮತ್ತು ಹಾಲಿನ ಬಾಟಲಿಗಳ ಜಾಹೀರಾತು ಇಲ್ಲಿ ನಿಷಿದ್ಧ.

ಮನೆಯಲ್ಲಿಯೇ ಮಾಲ್ಟು

ಹಾಲಿಗೆ ಏನಾದರೂ ಬೆರೆಸಲೇಬೇಕೆಂದಿದ್ದರೆ ರಾಗಿಯಷ್ಟು ಒಳ್ಳೆಯದು ಮತ್ತೊಂದು ದೊರೆಯುವುದು ಕಷ್ಟ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಸುಣ್ಣದ ಅಂಶವಿದೆ. ಮೊಳಕೆಗಟ್ಟಿಸಿದ ರಾಗಿಗೆ ಇನ್ನೊಂದು ಗುಣವುಂಟು. ಮೊಳೆಯುವಾಗ ಕಾಳಿನೊಳಗೆ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಆದುದರಿಂದ ಗಂಜಿ ಅಂಟಂಟಾಗದೆ ತೆಳುವಾಗಿ ಉಳಿಯುತ್ತದೆ. ಕೂಸಿನ ಚಿಕ್ಕ ಹೊಟ್ಟೆಗೆ ಕಡಿಮೆ ನೀರಿನಲ್ಲಿ ಹೆಚ್ಚು ಪುಷ್ಟಿ ಸೇರುತ್ತದೆ. ಕರ್ನಾಟಕ ಸರಕಾರ 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಯೋಜನೆಯನ್ನು ಆರಂಭಿಸಿ, ಅಂಗನವಾಡಿ ಮತ್ತು ಶಾಲೆಗಳ ಮಕ್ಕಳಿಗೆ 150 ಮಿಲಿಲೀಟರು ಹಾಲು ಕೊಡತೊಡಗಿತು. 2024ರಲ್ಲಿ ಶಾಲಾಮಕ್ಕಳ ಹಾಲಿಗೆ ರಾಗಿ ಮಾಲ್ಟೂ ಜೊತೆಗೂಡಿತು.

ತಯಾರಿಸುವ ಕ್ರಮ ಹೀಗಿದೆ. ಅರ್ಧ ಕಿಲೊ ರಾಗಿಯನ್ನು ಕಲ್ಲು ಮಣ್ಣು ಹೋಗುವಂತೆ ನಾಲ್ಕಾರು ನೀರಿನಲ್ಲಿ ತೊಳೆದು, ರಾತ್ರಿಯೆಲ್ಲ ಶುದ್ಧ ನೀರಿನಲ್ಲಿ ನೆನೆಹಾಕಬೇಕು. ಬೆಳಿಗ್ಗೆ ನೀರು ಬಸಿದು, ಕುದಿನೀರಿನಲ್ಲಿ ಅದ್ದಿ ಹಿಂಡಿದ ತೆಳುಬಟ್ಟೆಯಲ್ಲಿ ಕಟ್ಟಿಡಬೇಕು. ಬಟ್ಟೆ ಒಣಗದಂತೆ ಆಗಾಗ ನೀರು ಚಿಮುಕಿಸುತ್ತಿದ್ದರೆ ಒಂದೆರಡು ದಿನಗಳಲ್ಲಿ ಮೊಳಕೆ ಕಾಣುತ್ತದೆ. ಹುಳಿವಾಸನೆ ಬಂದರೆ, ಬೂಸಲು ಕಂಡರೆ, ಮೋಹ ಮಾಡದೆ ಚೆಲ್ಲಿಬಿಡಬೇಕು. ಮೊಳೆತ ರಾಗಿಯನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಮೊಳಕೆಗಳನ್ನು ಉಜ್ಜಿ ತೆಗೆದು, ಸಣ್ಣ ಉರಿಯಲ್ಲಿ ಕಮ್ಮಗೆ ಹುರಿದು, ಬೀಸಿ, ನಯವಾದ ಜರಡಿಯಲ್ಲಿ ಸೋಸಿ, ತೇವವಿಲ್ಲದ ಡಬ್ಬಿಯಲ್ಲಿ ತುಂಬಿಡಬೇಕು.

ಒಂದು ಬಟ್ಟಲಿಗೆ ಎರಡು ಸಣ್ಣ ಚಮಚೆ ಹಿಟ್ಟು ಸಾಕು. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕೈಯಾಡಿಸುತ್ತ ಐದು ನಿಮಿಷವಾದರೂ ಚೆನ್ನಾಗಿ ಕುದಿಸಬೇಕು. ಕಾಳು ಮೊಳೆಯುವ ತೇವದಲ್ಲಿ ಜೀವಾಣುಗಳೂ ಬೆಳೆಯುವುದರಿಂದ ಈ ಕುದಿ ತಪ್ಪಬಾರದು; ಹಿಟ್ಟನ್ನು ಬಿಸಿಹಾಲಿಗೆ ಹಾಗೆಯೇ ಬೆರೆಸಿ ಕೊಡುವುದು ಸಲ್ಲದು. ಕುದಿದ ಗಂಜಿಗೆ ಕಾಸಿದ ಹಾಲು ಸೇರಿಸಿ, ಉಗುರುಬೆಚ್ಚಗಾದ ಮೇಲೆ ಕುಡಿಸಬೇಕು. ಸಿಹಿ ಬೇಕೆನಿಸಿದರೆ ಮಾಗಿದ ಬಾಳೆಹಣ್ಣನ್ನು ಕಿವುಚಿ ಹಾಕಬಹುದು. ಉತ್ತತ್ತಿಯನ್ನು ನೆನೆಸಿ ನುಣ್ಣಗೆ ಅರೆದು ಚೂರು ಬೆರೆಸಬಹುದು. ಬಾದಾಮಿ, ಶೇಂಗಾಗಳನ್ನು ನುಣ್ಣಗೆ ಪುಡಿಮಾಡಿಯೇ ಕೊಡತಕ್ಕದ್ದು. ಇಡೀ ಕಾಳು ಉಸಿರಿನ ಹಾದಿಯಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಯಾವುದನ್ನೇ ಆಗಲಿ ಮೊದಲ ಸಲ ಕೊಡುವಾಗ ಸ್ವಲ್ಪವೇ ಕೊಟ್ಟು, ಮೈಮೇಲೆ ದದ್ದು, ವಾಂತಿ, ಉಬ್ಬಸಗಳು ಕಾಣುತ್ತವೆಯೇ ಎಂದು ನೋಡಬೇಕು. ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಕಾಸುವುದು, ಇಡುವುದು

ಗೌಳಿಗರ ಹಾಲನ್ನು ಕಾಸದೆ ಕೊಡುವ ಮಾತೇ ಇಲ್ಲ. ಉಕ್ಕು ಬರುವವರೆಗೆ ಕಾಯಿಸಿ, ಉರಿ ತಗ್ಗಿಸಿ, ಕೈಯಾಡಿಸುತ್ತ ಇನ್ನೆರಡು ನಿಮಿಷ ಕುದಿಸಬೇಕು. ಪಾಶ್ಚರೀಕರಿಸಿದ ಪೊಟ್ಟಣದ ಹಾಲು ತಂಪು ತಪ್ಪದೆ ಬಂದಿದ್ದರೆ ಹಾಗೆಯೇ ಕುಡಿಯಲು ಯೋಗ್ಯ. ಆದರೆ ಹೊರಬಾಗಿಲಿನ ಚೀಲದಲ್ಲಿ ಅದು ಎಷ್ಟು ಹೊತ್ತು ಬಿದ್ದಿತ್ತೆಂಬುದು ಯಾರಿಗೆ ಗೊತ್ತು? ಎಳೆಮಕ್ಕಳಿಗೆ ಕೊಡುವುದನ್ನು ಒಮ್ಮೆ ಕಾಸಿಯೇ ಕೊಡುವುದು ಕ್ಷೇಮ. ದಿನವಿಡೀ ಮತ್ತೆ ಮತ್ತೆ ಕಾಸುತ್ತಿದ್ದರೆ ಕೆಲವು ಜೀವಸತ್ವಗಳು ಕ್ಷೀಣಿಸುತ್ತವೆ. ಕಾಸಿ ಆರಿದ ಹಾಲನ್ನು ಮುಚ್ಚಿ ತಂಪುಪೆಟ್ಟಿಗೆಯಲ್ಲಿ ಇಟ್ಟು, ಬೇಕಾದಷ್ಟನ್ನೇ ತೆಗೆದು ಬಿಸಿ ಮಾಡುವುದು ಸರಿಯಾದ ಕ್ರಮ. ನಿನ್ನೆಯ ಹಾಲನ್ನು ಇಂದಿನದಕ್ಕೆ ಬೆರೆಸಬಾರದು.

ಪ್ರವಾಸಕ್ಕೆ ಹೊರಟಾಗ ಬೆಚ್ಚಗಿನ ಹಾಲನ್ನು ಫ್ಲಾಸ್ಕಿನಲ್ಲಿ ತುಂಬಿಕೊಳ್ಳುವ ರೂಢಿಯುಂಟು. ಇದು ಅಪಾಯಕರ. ಉಗುರುಬೆಚ್ಚಗಿನ ಹಾಲು ಜೀವಾಣುಗಳಿಗೆ ಹಬ್ಬದೂಟವಿದ್ದಂತೆ. ಎರಡು ತಾಸು ಮೀರಿದ ಹಾಲನ್ನು ಮಗುವಿಗೆ ಕೊಡಬಾರದು. ಅದಕ್ಕೆ ಬದಲಾಗಿ ಫ್ಲಾಸ್ಕಿನಲ್ಲಿ ಕುದಿನೀರನ್ನೂ ಬೇರೆ ಡಬ್ಬಿಯಲ್ಲಿ ಹಾಲಿನ ಪುಡಿಯನ್ನೂ ಒಯ್ದು, ಬೇಕೆಂದಾಗ ಕಲಸಬಹುದು. ಪುಡಿಹಾಲು ಪೂರ್ಣ ನಿರ್ಜೀವಾಣುವಲ್ಲ. ಆದುದರಿಂದ 70 ಡಿಗ್ರಿಗೆ ಕಡಿಮೆಯಿಲ್ಲದ ಬಿಸಿನೀರಿನಲ್ಲಿ ಕಲಸಿ, ಅನಂತರ ಆರಿಸಿ ಕೊಡುವುದು ಒಳಿತು. ಅಳತೆ ಡಬ್ಬಿಯಲ್ಲಿ ಬರೆದಂತೆಯೇ ಇರಲಿ. ಕೆನೆಯುಳ್ಳ ಹಾಲಿನ ಪುಡಿಯಾದರೆ ಸಾಮಾನ್ಯವಾಗಿ 150 ಮಿಲಿಲೀಟರಿಗೆ 18ರಿಂದ 20 ಗ್ರಾಂ ಬೇಕಾಗುತ್ತದೆ. ಚಮಚೆಯನ್ನು ಗೋಪುರದಂತೆ ತುಂಬಿದರೆ ಹಾಲು ಭಾರವಾಗುತ್ತದೆ. ಉಳಿತಾಯಕ್ಕೆಂದು ಕಡಿಮೆ ಹಾಕಿದರೆ ಮಗು ಸೊರಗುತ್ತದೆ. ಚಹಾಕ್ಕೆ ಬೆರೆಸುವ ಡೇರಿ ವೈಟ್ನರಿನಲ್ಲಿಯೂ ಡಬ್ಬಿಯ ಗಟ್ಟಿ ಸಿಹಿಹಾಲಿನಲ್ಲಿಯೂ ಸಕ್ಕರೆ ಸೇರಿರುವುದರಿಂದ ಅವು ಕೂಸಿನ ಹಾಲಾಗಲಾರವು.

ಇನ್ನು ಬಾಟಲಿಯ ಮಾತು. ಬಾಟಲಿಯ ಕತ್ತಿನಲ್ಲಿಯೂ ರಬ್ಬರಿನ ತೊಟ್ಟಿನಲ್ಲಿಯೂ ಉಳಿಯುವ ಹಾಲಿನ ಜಿಡ್ಡು ಎಷ್ಟು ತಿಕ್ಕಿದರೂ ಪೂರ್ಣವಾಗಿ ಹೋಗುವುದು ಕಷ್ಟ. ಭೇದಿಯ ಮೂಲ ಎಷ್ಟೋ ಸಲ ಅಲ್ಲಿಯೇ ಇರುತ್ತದೆ. ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆಹೋದ ಕೂಸಿನ ಹಾಲುಹಲ್ಲುಗಳು ಬೇಗ ಹುಳುಕಾಗುತ್ತವೆ. ಬಾಟಲಿಯಲ್ಲಿ ಕೂಸು ಎಷ್ಟು ಕುಡಿಯಿತೆಂಬ ಲೆಕ್ಕವೂ ತಪ್ಪುತ್ತದೆ. ಹಿಂದಿನವರು ಒಳಲೆಯಲ್ಲಿ ಹಾಲು ಕುಡಿಸುತ್ತಿದ್ದರು. ಅಗಲ ಬಾಯಿಯ ಅಂಥ ಪಾತ್ರೆಯನ್ನು ಬೆಳಗಿ ಕುದಿಸುವುದು ಸುಲಭ. ಒಂದು ವರ್ಷ ದಾಟಿದ ಮಗು ಸಣ್ಣ ಉಕ್ಕಿನ ಬಟ್ಟಲನ್ನು ತಾನೇ ಹಿಡಿಯಬಲ್ಲದು. ಒಂದಿಷ್ಟು ಚೆಲ್ಲುತ್ತದೆ, ಅಂಗಿ ತೋಯಿಸಿಕೊಳ್ಳುತ್ತದೆ. ಅದು ಕಲಿಕೆಯ ಬೆಲೆ. ಹಾಲು ಕಲಸುವ ಮುನ್ನ ಕುಡಿಸುವವರು ಸಾಬೂನಿನಿಂದ ಕೈ ತೊಳೆಯಬೇಕು. ಕುಡಿಸಿದ ಮೇಲೆ ಬಟ್ಟಲನ್ನು ಕೂಡಲೇ ತೊಳೆದು ಬೋರಲು ಹಾಕಬೇಕು.

ಊಹೆಯ ಆ ಮನೆಗೆ ಮತ್ತೊಮ್ಮೆ ಹೋಗುವುದಾದರೆ, ಅಲ್ಲಿ ಆಗಬೇಕಾದ ಬದಲಾವಣೆ ಬಹಳ ದೊಡ್ಡದೇನಲ್ಲ. ವೈದ್ಯರು ಬರೆದುಕೊಟ್ಟ ಔಷಧಿ ಒಂದು ಕಡೆ. ರಾತ್ರಿಯ ಬಾಟಲಿ ಮೊದಲು, ಹಗಲಿನ ಬಾಟಲಿಗಳು ಒಂದೊಂದಾಗಿ ಬಳಿಕ, ಮರೆಯಾಗಬೇಕು. ಮೊದಲ ಕೆಲವು ದಿನ ಕೂಸು ಹಟ ಮಾಡುತ್ತದೆ. ಅತ್ತೆಯ ಕರುಳು ಚುರುಗುಟ್ಟುತ್ತದೆ. ಆ ದಿನಗಳಲ್ಲಿ ಸೊಸೆಗೆ ಬೇಕಾದುದು ಅವರದೇ ಸಹಾಯ. ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಥೆ ಹೇಳುತ್ತ, ಸಾರಿನಲ್ಲಿ ನೆನೆದ ರೊಟ್ಟಿಯ ತುತ್ತನ್ನು ತಾಳ್ಮೆಯಿಂದ ಬಾಯಿಗಿಡುವ ವಿದ್ಯೆ ಅಜ್ಜಿಯಂದಿರಿಗಿಂತ ಚೆನ್ನಾಗಿ ಯಾರಿಗೆ ಬಲ್ಲದು? ಊಟ ಮುಗಿದ ಮೇಲೆ, ಕಾಸಿ ಆರಿಸಿದ ಹಾಲನ್ನು ಸಕ್ಕರೆಯಿಲ್ಲದೆ ಸಣ್ಣ ಬಟ್ಟಲಿನಲ್ಲಿ ಕೊಟ್ಟರೆ ಸಾಕು.

ಮರುದಿನ ನಸುಕಿನಲ್ಲಿ ಲಕಮನಹಳ್ಳಿಯಿಂದ ಮತ್ತೆ ಹಾಲಿನ ಗಾಡಿಗಳು ಹೊರಡುತ್ತವೆ. ಪೊಟ್ಟಣ ಬಾಗಿಲಿಗೆ ಬಂದು ಬಿದ್ದ ಸಪ್ಪಳ ಕೇಳಿದಾಗ, ಡೇರಿಯವರ ಸರದಿ ಮುಗಿಯಿತೆಂದೂ ಮನೆಯವರ ಸರದಿ ಆರಂಭವಾಯಿತೆಂದೂ ತಿಳಿಯುವುದು ಒಳಿತು.